ಮಳೆಗಾಲಕ್ಕೊಂದು ಗೋಡೆ

ಬೆಳಗಾವಿ ಜಿಲ್ಲೆಯ ಪೂರ್ವಕ್ಕೆ, ಅಥಣಿ–ರಾಮದುರ್ಗದ ಕಡೆ, ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಪಶ್ಚಿಮದ ಖಾನಾಪುರ–ಜಾಂಬೋಟಿಯ ಕಡೆ ಇಳಿಜಾರು ಚಾವಣಿ. ಬಯಲುಸೀಮೆಯಲ್ಲಿ ತಡೆಯಬೇಕಾದದ್ದು ಬಿಸಿಲು; ಹಗಲಿನ ಕಾವನ್ನು ದಪ್ಪ ಮಣ್ಣು ಹೀರಿಕೊಂಡು ಒಳಗೆ ನಿಧಾನವಾಗಿ ಬಿಡುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ದಾರಿಯಲ್ಲಿರುವ ಜಾಂಬೋಟಿಗೆ ತಿಂಗಳುಗಟ್ಟಲೆ ಮಳೆ, ಅದರ ಬೆನ್ನಿಗೆ ಚಳಿ, ಆಮೇಲೆ ಬೇಸಿಗೆ. ಮೂರಕ್ಕೂ ಒಂದೇ ಹೊದಿಕೆ ಒಗ್ಗುವುದಿಲ್ಲ. ಹವೆಗೆ ತಕ್ಕಂತೆ ಗುಣ ಬದಲಿಸುವ ಗೋಡೆ–ಚಾವಣಿಗಳಿಗಾಗಿ ಇಂದು ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆದಿದೆ. ಘಟ್ಟದ ಸೀಮೆಯಲ್ಲಿ ಆ ಬದಲಾವಣೆ ವರ್ಷಾವರ್ಷ ಮನುಷ್ಯರ ಕೈಯಿಂದಲೇ ಆಗುತ್ತಿತ್ತು ಎಂಬುದನ್ನು ನಮ್ಮ ಕಟ್ಟಡ ಚರಿತ್ರೆ ಗಂಭೀರವಾಗಿ ಪರಿಗಣಿಸಿಲ್ಲ.

ಘಟ್ಟದ ಕಾರವಿ ಪೊದೆಯ ಕಡ್ಡಿಗಳ ಹೆಣಿಗೆಗೆ ಮಣ್ಣು–ಸಗಣಿ ಮೆತ್ತಿದ ಗೋಡೆ ತೆಳುವಾದದ್ದು. ಮುಂಗಾರಿನ ಎರಚಲು ಅದನ್ನು ಕರಗಿಸಬಲ್ಲದು. ಆದ್ದರಿಂದ ಮಳೆಗೆ ಮೊದಲು ಗಾಳಿ ಹೊಡೆಯುವ ಮಗ್ಗುಲಿಗೆ ಹುಲ್ಲು–ಸೊಪ್ಪಿನ ತಟ್ಟಿ ಕಟ್ಟುತ್ತಿದ್ದರು. ಗೋಡೆಗೂ ತಟ್ಟಿಗೂ ನಡುವೆ ಸಿಕ್ಕಿಬಿದ್ದ ಗಾಳಿ ಒಳಗಿನ ಕಾವನ್ನು ಹಿಡಿದಿಡುತ್ತಿತ್ತು. ಮಳೆ ನಿಂತ ಮೇಲೆ ತಟ್ಟಿ ಬಿಚ್ಚಿದರೆ ಗೋಡೆ ಮತ್ತೆ ಒಣಗುತ್ತಿತ್ತು. ಚಾವಣಿಯ ಹುಲ್ಲು ಶಾಖವನ್ನು ತಡೆಯುವುದು ಒಣಗಿದ್ದಾಗ ಮಾತ್ರ. ನೆನೆದರೆ ಆ ಗುಣ ಬಹುಮಟ್ಟಿಗೆ ಹೋಗುತ್ತದೆ. ಅದನ್ನು ಒಣಗಿಸಿ ಹುಳ ಹಿಡಿಯದಂತೆ ಕಾಯುತ್ತಿದ್ದುದು ಒಲೆಯ ಹೊಗೆ. ಅದೇ ಸೂರಿನಡಿ ಕಟ್ಟುತ್ತಿದ್ದ ದನಗಳ ಮೈಕಾವೂ ಚಳಿಗೆ ಒದಗುತ್ತಿತ್ತು. ಎಮ್ಮೆ ಸಾಕುವ ಗೌಳಿಗರ ಗುಡಿಸಲುಗಳಲ್ಲಿ ಎಮ್ಮೆಗಳ ಜಾಗವೇ ದೊಡ್ಡದು. ಇಲ್ಲಿ ಶಾಖನಿರೋಧ ಎನ್ನುವುದು ಗೋಡೆಯೊಳಗೆ ಹುದುಗಿದ ವಸ್ತುವಾಗಿರಲಿಲ್ಲ, ವರ್ಷದ ಕೆಲಸವಾಗಿತ್ತು.

ಆ ಕೆಲಸಕ್ಕೆ ಕಾಡು ಬೇಕಿತ್ತು. 1878ರ ಅರಣ್ಯ ಕಾಯಿದೆಯ ನಂತರ ಮೀಸಲು ಕಾಡಿನ ಹುಲ್ಲು, ಗಳು ಅಪ್ಪಣೆಯ ಮಾತಾದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಯಂತ್ರದ ಹಂಚು ಹೊಸ ದಾರಿ ತೋರಿಸಿತು. ಒಳ್ಳೆಯ ಜೇಡಿಮಣ್ಣಿನ ಖಾನಾಪುರವೂ ಹಂಚಿನ ಊರಾಯಿತು. ಹಂಚು ಬೇಗ ಕಾಯುತ್ತದೆ, ನಿಜ. ಆದರೆ ಅದರ ಸಂದುಗಳಲ್ಲಿ ಗಾಳಿ ಆಡುತ್ತದೆ, ಕೆಳಗಿನ ಅಟ್ಟ ಕಾವನ್ನು ತಡೆಯುತ್ತದೆ. ಹಂಚಿನ ನಂತರ ಬಂದ ಕಾಂಕ್ರೀಟ್ ತಾರಸಿಗೆ ಇವೆರಡೂ ಇಲ್ಲ. ವಸತಿ ಕಟ್ಟಡಗಳ ಇಂಧನ ಉಳಿತಾಯಕ್ಕಾಗಿ ರೂಪಿಸಿದ 2018ರ ‘ಇಕೋ ನಿವಾಸ್ ಸಂಹಿತಾ’ ಪ್ರಕಾರ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚಾವಣಿಯ ಒಂದು ಚದರ ಮೀಟರ್ ಮೂಲಕ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿಯ ತಾರಸಿಯಲ್ಲಿ ಅದು 3 ವ್ಯಾಟ್ ಮೀರುತ್ತದೆ. ಬೇಸಿಗೆಯ ಫ್ಯಾನು, ಕೂಲರುಗಳ ಬಿಲ್ಲಿನ ಒಂದು ಪಾಲು ಹುಟ್ಟುವುದು ಇಲ್ಲಿಯೇ.

ಹುಲ್ಲಿನ ಮನೆಯಲ್ಲಿ ಬೆಂಕಿಯ ಭಯವಿತ್ತು, ಹೊಗೆಯಿತ್ತು, ಸಾರಿಸಿ ಬಳಿಯುವ ದುಡಿಮೆಯೆಲ್ಲ ಹೆಂಗಸರ ತಲೆಯ ಮೇಲಿತ್ತು ಎಂಬ ಆಕ್ಷೇಪ ಸರಿಯಾದದ್ದು. ಆ ಬದುಕಿಗೆ ಮರಳಿ ಎಂದು ಯಾರಿಗೂ ಹೇಳುವ ಹಕ್ಕು ನಮಗಿಲ್ಲ. 2019ರ ಆಗಸ್ಟ್‌ನ ಮಳೆ–ನೆರೆಗೆ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಕುಸಿದದ್ದು ಇನ್ನೂ ಗಟ್ಟಿಯಾದ ಆಕ್ಷೇಪ. ನಿಂತ ನೀರಿಗೆ ಹಸಿಮಣ್ಣು ತಾಳುವುದಿಲ್ಲ, ಅಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಉಳಿಸಿಕೊಳ್ಳಬೇಕಾದದ್ದು ಮಣ್ಣನ್ನಲ್ಲ, ಬಿಚ್ಚಿ ಕಟ್ಟಬಹುದಾದ ಹೊದಿಕೆಯ ತತ್ವವನ್ನು. ಚಿರೇಕಲ್ಲಿನ ಗೋಡೆಗೂ ಮಳೆಗಾಲದ ತಟ್ಟಿ ಹಾಕಬಹುದು. ಸೋರುವ ತಾರಸಿಗೆ ಬೇಸತ್ತ ಮಲೆನಾಡಿನ ಜನ ಅದರ ಮೇಲೆ ತಗಡಿನ ಮಾಡು ಎತ್ತಿಸುತ್ತಿದ್ದಾರೆ. ಅದರ ಎರಡೂ ತುದಿ ಬೇಸಿಗೆಯಲ್ಲಿ ತೆರೆದಿದ್ದರೆ ತಾರಸಿಗೆ ನೆರಳೂ ಗಾಳಿಯೂ ಸಿಗುತ್ತವೆ. ಚಳಿಯಲ್ಲಿ ಮುಚ್ಚುವಂತಿದ್ದರೆ ಅದೇ ಅಟ್ಟವಾಗುತ್ತದೆ. ಇದಕ್ಕೆ ಬೇಕಾದದ್ದು ನಾಲ್ಕು ಬಾಗಿಲು, ಕೆಲವು ಬಿಜಾಗರಿ. ಸರ್ಕಾರಿ ವಸತಿ ಯೋಜನೆಗಳ ನಕ್ಷೆಯಲ್ಲಿ, ಕನಿಷ್ಠ ಘಟ್ಟದ ತಾಲ್ಲೂಕುಗಳ ಮಟ್ಟಿಗಾದರೂ, ಇಷ್ಟನ್ನು ಸೇರಿಸಬೇಕು.