ನಿಕ್ಷೇಪದ ಪ್ರತಿಜ್ಞೆ: ಪ್ಲಿನಿಯ ಪತ್ರದಲ್ಲಿ ಆದಿ ಕ್ರೈಸ್ತರ ದಿನನಿತ್ಯದ ಶಿಷ್ಯತ್ವ

ಆದಿ ಕ್ರೈಸ್ತರ ದಿನನಿತ್ಯದ ಬದುಕನ್ನು ಕುರಿತ ಬರಹಗಳಲ್ಲಿ ಬಹುಕಾಲದಿಂದ ಮುಂದುವರಿದುಕೊಂಡು ಬಂದಿರುವ ಒಂದು ತಪ್ಪಿನ ಮೂಲ ಲ್ಯಾಟಿನ್ ಕ್ರೈಸ್ತ ಲೇಖಕ ತೆರ್ತುಲ್ಲಿಯನನಲ್ಲಿದೆ. ಬಿಥೀನಿಯಾ-ಪೊಂಟಸ್ ಪ್ರಾಂತದ ಅಧಿಪತಿಯಾಗಿದ್ದ ಕಿರಿಯ ಪ್ಲಿನಿ ಸುಮಾರು ಕ್ರಿ.ಶ. 112ರಲ್ಲಿ ಕ್ರೈಸ್ತರ ವಿಚಾರಣೆಯ ಬಗ್ಗೆ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರವನ್ನು ಆತ 197ರ ಸುಮಾರಿಗೆ ತನ್ನ ಸಮರ್ಥನಾ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಸಂಗ್ರಹಿಸಿ ಹೇಳುತ್ತಾನೆ. ಆ ಸಂಗ್ರಹದ ಪ್ರಕಾರ ಕ್ರೈಸ್ತರು ಕೊಲೆ, ವ್ಯಭಿಚಾರ, ವಂಚನೆ, ದ್ರೋಹ ಮೊದಲಾದ ಅಪರಾಧಗಳನ್ನು ತಮ್ಮೊಳಗೆ ನಿಷೇಧಿಸಿಕೊಂಡಿದ್ದರು. ಪ್ಲಿನಿಯ ಪತ್ರದಲ್ಲಾದರೋ ಕೊಲೆಯ ಪ್ರಸ್ತಾಪವೇ ಇಲ್ಲ. ಕಳವು, ದರೋಡೆ, ವ್ಯಭಿಚಾರಗಳನ್ನು ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇರಿಸಿದ ಹಣವನ್ನೋ ಒಡವೆಯನ್ನೋ ಮರಳಿ ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂಬ ಪ್ರತಿಜ್ಞೆ ಅಲ್ಲಿದೆ. ತೆರ್ತುಲ್ಲಿಯನ್ ಇಲ್ಲದ ಕೊಲೆಯನ್ನು ಸೇರಿಸಿದ, ಇದ್ದ ನಿಕ್ಷೇಪವನ್ನು 'ವಂಚನೆ'ಯೊಳಗೆ ಮುಳುಗಿಸಿದ. ನಾಲ್ಕನೆಯ ಶತಮಾನದ ಸಭಾಚರಿತ್ರಕಾರ ಯುಸೇಬಿಯಸ್ ಪ್ಲಿನಿಯ ಮೂಲವನ್ನು ನೋಡದೆ, ತೆರ್ತುಲ್ಲಿಯನನ ಗ್ರೀಕ್ ಅನುವಾದವನ್ನೇ ನೆಚ್ಚಿ ಅದನ್ನು ಪುನರುಕ್ತಿಸಿದ. ಪ್ಲಿನಿಯ ಹತ್ತನೆಯ ಸಂಪುಟದ ಹಸ್ತಪ್ರತಿ ಬೆಳಕಿಗೆ ಬಂದು, ಈ ಪತ್ರ ಅಚ್ಚಾದದ್ದು 1502ರಲ್ಲಿ. ಅಲ್ಲಿಯವರೆಗೆ ಬಹುಮಟ್ಟಿಗೆ ಓದುಗರ ಕೈಗೆ ಸಿಕ್ಕಿದ್ದು ಈ ಸಂಗ್ರಹವೇ.

ಮೂಲ ಸಿಕ್ಕ ಮೇಲೆ ತಪ್ಪು ತಿದ್ದಿಕೊಳ್ಳಬೇಕಾಗಿತ್ತು. ಹಾಗಾಗಲಿಲ್ಲ. ನಂತರದ ವಿದ್ವಾಂಸರು ಪತ್ರದಲ್ಲಿ ಒಂದೋ ಕ್ರೈಸ್ತರ ಮೇಲಿನ ಮೊಕದ್ದಮೆಗಳ ಕಾನೂನು ಆಧಾರವನ್ನು, ಇಲ್ಲವೇ ಆರಾಧನಾವಿಧಿಯ ಕುರುಹುಗಳನ್ನು ಹುಡುಕಿದರು. ನಸುಕಿನ ಕೂಟ, ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸುವ ಸರತಿಯ ಹಾಡು, ಆಮೇಲಿನ ಸಹಭೋಜನ ಇವುಗಳ ಮೇಲೆ ಬರೆದ ಪುಟಗಳಿಗೆ ಮಿತಿಯಿಲ್ಲ. ಅವುಗಳ ನಡುವೆಯೇ ಇರುವ ಪ್ರತಿಜ್ಞೆಗೆ ಬಹುಪಾಲು ಒಂದೆರಡು ವಾಕ್ಯಗಳಷ್ಟೇ ಸಂದಿವೆ.

ಅದನ್ನು ಗಂಭೀರವಾಗಿ ಚರ್ಚಿಸಿದವರಲ್ಲಿ ಹಾನ್ಸ್ ಲೀಟ್ಸ್‌ಮನ್ ಮುಖ್ಯನು. 1916ರ ತನ್ನ ಪ್ರಬಂಧದಲ್ಲಿ ಆತ ಹಾಡನ್ನೂ ಪ್ರತಿಜ್ಞೆಯನ್ನೂ ದೀಕ್ಷಾಸ್ನಾನಕ್ಕೆ, ಅಂದರೆ ಸಭೆಗೆ ಸೇರುವಾಗ ಒಮ್ಮೆ ಮಾತ್ರ ನಡೆಯುವ ಸಂಸ್ಕಾರಕ್ಕೆ, ಸೇರಿಸಿದ. ಲೀಟ್ಸ್‌ಮನ್‌ನ ಪಾಂಡಿತ್ಯ ನಿರ್ವಿವಾದ. ಈ ವ್ಯಾಖ್ಯಾನ ಮಾತ್ರ ಪಠ್ಯದ ಎದುರು ನಿಲ್ಲುವಂಥದ್ದಲ್ಲ. ನಂಬಿಕೆಯನ್ನು ತೊರೆದವರು ಪ್ಲಿನಿಯ ಮುಂದೆ ವಿವರಿಸಿದ್ದು ತಮ್ಮ ರೂಢಿಯನ್ನು. ಗೊತ್ತಾದ ದಿನದಂದು ಸೂರ್ಯೋದಯಕ್ಕೆ ಮೊದಲು ಸೇರುವುದು, ಹಾಡುವುದು, ಪ್ರತಿಜ್ಞೆಯಿಂದ ತಮ್ಮನ್ನು ಕಟ್ಟಿಕೊಳ್ಳುವುದು, ಬಳಿಕ ಚದುರಿಹೋಗಿ ಮತ್ತೆ ಸಾಮಾನ್ಯವಾದ, ನಿರುಪದ್ರವಿಯಾದ ಊಟಕ್ಕೆ ಕೂಡುವುದು, ಇವೆಲ್ಲವೂ ಒಂದೇ ವಾಕ್ಯಕ್ರಮದಲ್ಲಿ, ವಾಡಿಕೆಯನ್ನು ಹೇಳುವ ಪದಗಳಿಗೆ ಅಧೀನವಾಗಿ ಬರುತ್ತವೆ. ಕೂಟ ಮರುಕಳಿಸುವಂಥದ್ದಾದರೆ ಪ್ರತಿಜ್ಞೆಯೂ ಮರುಕಳಿಸುವಂಥದ್ದೇ. ಅದೊಂದನ್ನೇ ಸಾಲಿನಿಂದ ಬೇರ್ಪಡಿಸಿ ಆಯುಷ್ಯಕ್ಕೊಮ್ಮೆಯ ವಿಧಿಯನ್ನಾಗಿ ಮಾಡಲು ಪತ್ರದಲ್ಲಿ ಆಧಾರವಿಲ್ಲ.

ಇನ್ನು ಪ್ರತಿಜ್ಞೆಯ ವಿಷಯ. ಇದು ದಶಾಜ್ಞೆಗಳ ಸಂಕ್ಷೇಪವೆಂಬ ಅಭಿಪ್ರಾಯ ಸುಲಭವಾಗಿ ಒಪ್ಪಿಗೆಯಾಗುವಂತೆ ಕಾಣುತ್ತದೆ. ಆದರೆ ಹಾಗಾಗಿದ್ದರೆ ಕೊಲೆಯ ನಿಷೇಧ ಬಿಟ್ಟುಹೋಗುತ್ತಿರಲಿಲ್ಲ, ನಿಕ್ಷೇಪ ಸೇರುತ್ತಲೂ ಇರಲಿಲ್ಲ. (ತೆರ್ತುಲ್ಲಿಯನ್ ಕೊಲೆಯನ್ನು ಸೇರಿಸಿದ್ದು ಬಹುಶಃ ದಶಾಜ್ಞೆಗಳ ನೆನಪಿನಿಂದಲೇ, ಈ ಅಭಿಪ್ರಾಯದವರು ಅರಿಯದೆ ಅವನ ಹಾದಿಯನ್ನೇ ತುಳಿದಿದ್ದಾರೆ.) ನಿಕ್ಷೇಪವೆಂದರೆ ಒಬ್ಬನು ಇನ್ನೊಬ್ಬನ ಬಳಿ ನಂಬಿಕೆಯ ಮೇಲೆ ಇರಿಸಿ, ಬೇಕಾದಾಗ ಮರಳಿ ಪಡೆಯುವ ಸ್ವತ್ತು. ಮನುಸ್ಮೃತಿಯ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ನಂತರ ಎರಡನೆಯದಾಗಿ ಬರುವುದೂ ಇದೇ. ರೋಮನ್ ಕಾನೂನಿನಲ್ಲಿ ಅದನ್ನು ಕಾಯುವವನಿಗೆ ಪ್ರತಿಫಲವಿರಲಿಲ್ಲ; ಮೋಸ ಮಾಡಿ ತಪ್ಪಿತಸ್ಥನೆನಿಸಿದವನಿಗೆ ಹಣದ ದಂಡದ ಜೊತೆಗೆ ಅಪಕೀರ್ತಿಯೆಂಬ ಕಾನೂನಿನ ಕಳಂಕವೂ ಅಂಟುತ್ತಿತ್ತು. ಪ್ರಯಾಣ ಹೊರಟವನು ಗೆಳೆಯನ ಮನೆಯಲ್ಲಿ ಹಣದ ಚೀಲವನ್ನಿಟ್ಟು ಹೋಗುವಾಗ ಹಲವು ವೇಳೆ ಸಾಕ್ಷಿಯಾಗಲಿ ಪತ್ರವಾಗಲಿ ಇರುತ್ತಿರಲಿಲ್ಲ. ಪ್ಲಿನಿಗೆ ಸಮೀಪಕಾಲೀನನಾದ ಜುವೆನಲ್ ತನ್ನ ಹದಿಮೂರನೆಯ ವಿಡಂಬನಕಾವ್ಯವನ್ನು ಇಡಿಯಾಗಿ ಇಂಥದೊಂದು ಪ್ರಸಂಗದ ಮೇಲೆಯೇ ಕಟ್ಟಿದ್ದಾನೆ: ಸ್ನೇಹಿತನಲ್ಲಿಟ್ಟ 10,000 ಸೆಸ್ಟರ್ಸ್‌ಗಳನ್ನು ಆ ಸ್ನೇಹಿತ ಸುಳ್ಳಾಣೆಯಿಟ್ಟು ನುಂಗಿಹಾಕಿದ್ದಾನೆ, ಕಳೆದುಕೊಂಡವನು ಕೊರಗುತ್ತಿದ್ದಾನೆ.

ಹೀಗಿರುವಾಗ ಈ ಒಂದು ಅಂಶ ಬಂದದ್ದೆಲ್ಲಿಂದ ಎಂಬ ಪ್ರಶ್ನೆ ಏಳುತ್ತದೆ. 1948ರಲ್ಲಿ ರಾಬರ್ಟ್ ಗ್ರಾಂಟ್, ಕ್ರಿ.ಪೂ. 186ರ ಬಾಕಸ್ ಪಂಥದ ದಮನವನ್ನು ಕುರಿತು ಇತಿಹಾಸಕಾರ ಲಿವಿ ಬರೆದ ವೃತ್ತಾಂತದ ಛಾಯೆ ಪ್ಲಿನಿಯ ಪತ್ರದ ಮೇಲೆ ಬಿದ್ದಿದೆ ಎಂದು ವಾದಿಸಿದರು. ಈ ವಾದವನ್ನು ಮುಂದಕ್ಕೆಳೆದರೆ, ಗುಪ್ತಕೂಟದ ಶಪಥವೆಂದರೆ ಅಪರಾಧದ ಒಳಸಂಚು ಎಂದು ನಂಬಿದ್ದ ಅಧಿಕಾರಿಯ ಮುಂದೆ ಆರೋಪಿಗಳು ತಮ್ಮ ಪ್ರತಿಜ್ಞೆಯನ್ನು ಸೌಮ್ಯಗೊಳಿಸಿ ಹೇಳಿದರೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಇದು ಬಲವಾದ ಆಕ್ಷೇಪ, ಉತ್ತರ ಕೊಡದೆ ಮುಂದೆ ಸಾಗುವುದು ತರವಲ್ಲ. ಲಿವಿ ಆ ಪಂಥದವರ ಮೇಲೆ ಹೊರಿಸುವ ಅಪರಾಧಗಳೆಂದರೆ ಸುಳ್ಳುಸಾಕ್ಷಿ, ನಕಲಿ ಮುದ್ರೆ, ಕೃತಕ ಮರಣಶಾಸನ, ವಿಷಪ್ರಯೋಗ, ಕೊಲೆ. ಅಧಿಕಾರಿಯ ಸಂಶಯವನ್ನು ನಿವಾರಿಸಲೆಂದೇ ಪಟ್ಟಿ ಹೆಣೆದಿದ್ದರೆ ಮೊದಲು ಅಲ್ಲಗಳೆಯಬೇಕಾಗಿದ್ದುದು ವಿಷವನ್ನೂ ಕೊಲೆಯನ್ನೂ. ಆ ಎರಡೂ ಇಲ್ಲಿಲ್ಲ. ಮೇಲಾಗಿ, ನಂಬಿಕೆಯನ್ನು ತೊರೆದು ಕ್ರಿಸ್ತನನ್ನು ಶಪಿಸಿದ್ದ ಈ ಜನರಿಗೆ ಹಳೆಯ ಸಹವಾಸಿಗಳನ್ನು ಹೊಗಳುವ ಅಗತ್ಯವಿರಲಿಲ್ಲ. ಸಭೆಯಲ್ಲಿ ಸೇವೆಯ ಹೊಣೆ ಹೊತ್ತಿದ್ದ ಇಬ್ಬರು ದಾಸಿಯರನ್ನು ಪ್ಲಿನಿ ಚಿತ್ರಹಿಂಸೆಗೆ ಗುರಿಪಡಿಸಿದ ಮೇಲೂ ಅವನಿಗೆ ದೊರೆತದ್ದು, ಅವನದೇ ನಿರ್ಣಯದಂತೆ, ಅತಿರೇಕದ ಮೂಢನಂಬಿಕೆಯೇ ಹೊರತು ಅಪರಾಧವಲ್ಲ.

ಉತ್ತರ ಸಿಗುವುದು ಬೇರೆಡೆ. ಯಾಜಕಕಾಂಡದ ಆರನೆಯ ಅಧ್ಯಾಯದ ಆರಂಭದಲ್ಲಿ, ನೆರೆಯವನು ಒಪ್ಪಿಸಿದ ವಸ್ತುವಿನ ವಿಷಯದಲ್ಲಿ ಸುಳ್ಳಾಡುವುದನ್ನು ಕರ್ತನಿಗೇ ಎಸಗಿದ ದ್ರೋಹವೆಂದು ಎಣಿಸಲಾಗಿದೆ. ವಸ್ತುವನ್ನು ಐದನೆಯ ಒಂದು ಪಾಲು ಹೆಚ್ಚಿಗೆ ಸೇರಿಸಿ ಹಿಂದಿರುಗಿಸಬೇಕೆಂಬ ವಿಧಿಯೂ ಅಲ್ಲಿದೆ. ಇದಕ್ಕಿಂತ ನಿರ್ಣಾಯಕವಾದದ್ದು, ಈ ಚರ್ಚೆಯಲ್ಲಿ ಅನ್ಯಾಯವಾಗಿ ಮೂಲೆಗುಂಪಾಗಿರುವ ಅಥೆನ್ಸಿನ ಅರಿಸ್ತೀದಿಸನ ಸಮರ್ಥನೆ. ಯುಸೇಬಿಯಸ್ ಅದನ್ನು ಹೇಡ್ರಿಯನ್ ಚಕ್ರವರ್ತಿಗೆ ಸಲ್ಲಿಸಿದ್ದೆನ್ನುತ್ತಾನೆ. ಸಿರಿಯಾಕ್ ಪಾಠದ ಶೀರ್ಷಿಕೆಯೊಂದು ಅಂಟೊನೈನಸ್ ಪಯಸನನ್ನು ಸೂಚಿಸುತ್ತದೆ. ಯಾವುದನ್ನು ಒಪ್ಪಿದರೂ ಪ್ಲಿನಿಯ ಪತ್ರದಿಂದ ಅದಕ್ಕಿರುವ ಅಂತರ ಕೆಲವು ದಶಕಗಳಷ್ಟೇ. ಈ ಪಾಠವನ್ನು ರೆಂಡೆಲ್ ಹ್ಯಾರಿಸ್ 1889ರಲ್ಲಿ ಸೀನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಕಂಡುಹಿಡಿದರು. ಅದು ಸಿಕ್ಕ ಮೇಲೆಯೇ, ಬುದ್ಧನ ಜೀವನಕಥೆ ಕ್ರೈಸ್ತ ವೇಷ ತೊಟ್ಟು ಪಶ್ಚಿಮಕ್ಕೆ ಹೋದ 'ಬರ್ಲಾಮ್ ಮತ್ತು ಯೋಸಾಫತ್' ಕಥೆಯೊಳಗೆ ಇದೇ ಸಮರ್ಥನೆಯ ಗ್ರೀಕ್ ರೂಪ ಶತಮಾನಗಳಿಂದ ಅಡಗಿದ್ದುದು ತಿಳಿದುಬಂತು. ಸಿರಿಯಾಕ್ ಪಾಠದ 15ನೆಯ ಅಧ್ಯಾಯದಲ್ಲಿ ಕ್ರೈಸ್ತರು ವ್ಯಭಿಚಾರ ಮಾಡರು, ಸುಳ್ಳುಸಾಕ್ಷಿ ಹೇಳರು ಎಂದ ಬೆನ್ನಿಗೇ, ತಮ್ಮಲ್ಲಿಟ್ಟ ನಿಕ್ಷೇಪವನ್ನು ನುಂಗಿಹಾಕರು ಎಂಬ ಮಾತು ಬರುತ್ತದೆ. ಮುಂದುವರಿದು, ದಾಸರು ವಿಶ್ವಾಸಿಗಳಾದರೆ ಅವರನ್ನು ಭೇದವೆಣಿಸದೆ ಸಹೋದರರೆಂದು ಕರೆಯುವ, ತಮ್ಮಲ್ಲಿ ಹೆಚ್ಚುವರಿ ಇಲ್ಲದಿದ್ದಾಗ ಎರಡು ಮೂರು ದಿನ ಉಪವಾಸವಿದ್ದು ಬಡವನ ಹೊಟ್ಟೆಗೆ ಒದಗಿಸುವ ವಾಡಿಕೆಗಳನ್ನು ಆತ ಹೇಳುತ್ತಾನೆ. ಅಥೆನ್ಸಿನವನೊಬ್ಬ ಚಕ್ರವರ್ತಿಗೆ ಸಲ್ಲಿಸಿದ ಬರಹ, ಕಪ್ಪುಸಮುದ್ರದ ದಕ್ಷಿಣ ತೀರದಲ್ಲಿ ವಿಚಾರಣೆಗೊಳಗಾದವರು ಕೊಟ್ಟ ಹೇಳಿಕೆ, ಇವೆರಡೂ ದಶಾಜ್ಞೆಗಳಲ್ಲಿಲ್ಲದ ಒಂದೇ ಅಂಶದಲ್ಲಿ ಕೂಡುತ್ತವೆ. ಇದನ್ನು ಆಕಸ್ಮಿಕವೆನ್ನುವುದಕ್ಕಿಂತ, ಹಲವು ಸಭೆಗಳಲ್ಲಿ ಬಳಕೆಯಲ್ಲಿದ್ದ ನಡತೆಯ ಬೋಧನೆಯೊಂದರ ಕುರುಹೆನ್ನುವುದೇ ಸಮಂಜಸ.

ಪ್ರತಿಜ್ಞೆ ಮಾಡಿದವರೆಲ್ಲ ಅದರಂತೆ ನಡೆದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಹಾಗೆ ಸಾಧಿಸಹೊರಟ ಭಕ್ತಿಪರ ಲೇಖಕರು ಪುರಾವೆಯನ್ನು ಅದು ಹೊರಲಾರದಷ್ಟು ದೂರಕ್ಕೆ ಎಳೆದಿದ್ದಾರೆ. ಎರಡನೆಯ ಶತಮಾನದ ಮೊದಲರ್ಧದ ಸುಮಾರಿಗೆ ರೋಮಿನಲ್ಲಿ ರಚಿತವಾದ 'ಕುರುಬ' ಎಂಬ ಕೃತಿಯಲ್ಲಿ ಹೆರ್ಮಸನು ಇನ್ನೊಂದು ಮುಖವನ್ನು ತೋರಿಸುತ್ತಾನೆ. ಒಮ್ಮೆ ಗುಲಾಮನಾಗಿ ಮಾರಾಟವಾಗಿದ್ದ, ಮುಂದೆ ಸಂಸಾರ ವ್ಯವಹಾರಗಳಲ್ಲಿ ಮುಳುಗಿದ ಈತ ಮೂರನೆಯ ಆಜ್ಞೆಯ ಭಾಗದಲ್ಲಿ, ಸುಳ್ಳಾಡುವವರು ಕರ್ತನಿಂದ ಪಡೆದ ನಿಕ್ಷೇಪವನ್ನು ಹಿಂದಿರುಗಿಸದ ವಂಚಕರು ಎಂಬ ಬೋಧೆ ಕೇಳಿ ಗಳಗಳನೆ ಅಳುತ್ತಾನೆ; ಈವರೆಗೆ ತಾನು ನಿಜವನ್ನೇ ಆಡಿಲ್ಲ, ಎಲ್ಲರೊಡನೆ ಕಪಟದಿಂದಲೇ ಬಾಳಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಇನ್ನು ಮುಂದೆ ನಿಜವನ್ನೇ ಆಡಿದರೆ ವ್ಯವಹಾರದಲ್ಲಿ ಹಿಂದೆ ಆಡಿದ ಸುಳ್ಳುಗಳೂ ನಂಬಿಕೆಗೆ ಅರ್ಹವಾಗಬಹುದು ಎಂಬುದು ಅವನಿಗೆ ದೊರೆಯುವ ಉತ್ತರ. ದೀಕ್ಷಾಸ್ನಾನ ಎಂದೋ ಮುಗಿದಿದ್ದು ವ್ಯವಹಾರ ಮಾತ್ರ ಪ್ರತಿದಿನ ಎದುರಾಗುತ್ತಿದ್ದ ಇಂಥವರೇ ಬಿಥೀನಿಯಾದ ಕೂಟಗಳಲ್ಲೂ ಇದ್ದಿರಬೇಕು. ಪ್ರತಿಜ್ಞೆಯನ್ನು ಅವರು ಒಮ್ಮೆಗೆ ಮುಗಿಸದೆ ಪ್ರತಿ ಕೂಟದಲ್ಲೂ ಮತ್ತೆ ಮಾಡಿದ್ದೇಕೆಂಬುದು ಲೀಟ್ಸ್‌ಮನ್‌ನ ವ್ಯಾಖ್ಯಾನದಿಂದ ತಿಳಿಯುವುದಿಲ್ಲ, ಹೆರ್ಮಸನಿಂದ ತಿಳಿಯುತ್ತದೆ.