ಅಡಿಕೆಯ ಬೇರುಹುಳು ಮತ್ತು ಎರಡು ದುಂಡಾಣುಗಳು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಿಂದ ಒಂದು ಚಾರಿತ್ರಿಕ ನೋಟ

ತರಕಾರಿ ಬೆಳೆಗಾರರು ಬಿ.ಟಿ. ಎಂದು ಕರೆಯುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಮೊದಲು ಕಣ್ಣಿಗೆ ಬಿದ್ದದ್ದು ಮಿತ್ರನಾಗಿ ಅಲ್ಲ, ರೇಷ್ಮೆಹುಳುವಿನ ರೋಗವಾಗಿ. 1901ರಲ್ಲಿ ಜಪಾನಿನ ಇಶಿವಾತ ಸತ್ತ ಹುಳುಗಳಲ್ಲಿ ಈ ದುಂಡಾಣುವನ್ನು ಗುರುತಿಸಿದರು. 1911ರಲ್ಲಿ ಜರ್ಮನಿಯ ತುರಿಂಜಿಯಾದ ಹಿಟ್ಟಿನ ಪತಂಗದಲ್ಲಿ ಬರ್ಲಿನರ್ ಅದನ್ನು ಮತ್ತೆ ಕಂಡರು. ಹೆಸರು ಬಂದದ್ದು ಆ ಸೀಮೆಯಿಂದ. 1938ರಲ್ಲಿ ಫ್ರಾನ್ಸಿನಲ್ಲಿ ಮಾರಾಟ ಶುರುವಾಯಿತು. ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಇದರ ಪ್ರೋಟೀನ್ ಹರಳು ಕರಗಿ ಕರುಳಿನ ಗೋಡೆಯನ್ನೇ ತೂತು ಮಾಡುತ್ತದೆ. ಎಲೆಕೋಸು ಕೊರೆಯುವ ಹುಳುವೋ ರೇಷ್ಮೆಹುಳುವೋ ಎಂಬ ಭೇದ ಅದಕ್ಕಿಲ್ಲ. ರೇಷ್ಮೆಯ ನಾಡಾದ ಕರ್ನಾಟಕದಲ್ಲಿ ಹಿಪ್ಪುನೇರಳೆಯ ಪಕ್ಕ ಬಿ.ಟಿ. ಹೊಡೆಯುವಾಗ ಕೈ ಹಿಂಜರಿಯುವುದು ಇದರಿಂದಲೇ.

ತುಂಗೆ, ಭದ್ರೆಯರ ಈ ಮೂರು ತಾಲ್ಲೂಕುಗಳ ಸಂಕಟ ಬೇರೆ. ಹಿತ್ತಲಿನ ಕೋಸಿಗೆ ಬಿ.ಟಿ. ಆದೀತು, ಅಡಿಕೆಯ ಬೇರುಹುಳುವಿಗೆ ಆಗದು. ಅಂಗಡಿಯಲ್ಲಿ ಸಿಗುವ ಕರ್ಸ್ಟಾಕಿ ತಳಿ ಪತಂಗದ ಮರಿಗಳಿಗೆ ಮಾರಕ; ಬೇರುಹುಳುವೋ ಲ್ಯೂಕೊಫೊಲಿಸ್ ದುಂಬಿಯ ಮರಿ, ಇರುವುದು ಮಣ್ಣಿನಡಿ. ಬೇರು ತಿಂದು ಮುಗಿಸುವ ಹೊತ್ತಿಗೆ ಸೋಗೆ ಹಳದಿಯಾಗುತ್ತದೆ. ಹಳದಿ ಎಲೆ ರೋಗವೂ ಕಾಡುವ ಈ ಸೀಮೆಯಲ್ಲಿ ಎರಡನ್ನೂ ಒಂದೇ ಎಂದು ಬಗೆಯುವುದು ಸುಲಭ. ಬುಡ ಬಿಡಿಸಿ ನೋಡದೆ ನಿರ್ಧರಿಸಬಾರದು.

ಬಹುಕಾಲ ಬುಡಕ್ಕೆ ಬಿದ್ದದ್ದು ಫೋರೇಟ್ ಕೀಟನಾಶಕದ ಹರಳು. ಮಲೆನಾಡಿನ ಮಳೆಯಲ್ಲಿ ಬುಡದ ನೀರು ಕಪ್ಪಿಗೆ (ಬಸಿಗಾಲುವೆಗೆ), ಕಪ್ಪಿನಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿಯುತ್ತದೆ. ಫೋರೇಟ್ ಬಳಕೆ ದೇಶದಲ್ಲಿ ಪೂರ್ತಿ ನಿಂತದ್ದು 2020ರ ಡಿಸೆಂಬರ್ 31ರಿಂದ. ತೀರಾ ತಡವಾಯಿತು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗ್ಲೇಸರ್ ದುಂಬಿಯ ಮರಿಗಳನ್ನು ಕೊಲ್ಲುವ ಸೂಕ್ಷ್ಮ ಜಂತುವನ್ನು ಕಂಡಿದ್ದರು. ಕೊಯಮತ್ತೂರಿನ ಮಣ್ಣಿನ ಅಂಥದೇ ಜಂತು ಹೆಟೆರೊರ್ಹಾಬ್ಡಿಟಿಸ್ ಇಂಡಿಕಾ 1992ರಲ್ಲಿ ವಿವರಣೆ ಪಡೆಯಿತು. 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವಾಗಿ ರೂಪುಗೊಂಡ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎನಿಸಿರುವ ಬೆಂಗಳೂರಿನ ಸಂಸ್ಥೆ ಅದನ್ನು ಪುಡಿಯ ರೂಪಕ್ಕೆ ತಂದಿತು.

ಕೀರ್ತಿಯೆಲ್ಲ ಜಂತುವಿಗೆ ಸಲ್ಲುತ್ತದೆ, ಆದರೆ ಕೊಲ್ಲುವ ಕೆಲಸದಲ್ಲಿ ದೊಡ್ಡ ಪಾಲು ಅದರ ಕರುಳಿನ ಫೋಟೊರ್ಹಾಬ್ಡಸ್ ದುಂಡಾಣುವಿನದು. ಅರ್ಧ ಮಿಲಿಮೀಟರ್ ಉದ್ದದ ಜಂತು ಹುಳುವಿನ ಬಾಯಿಂದಲೋ ಉಸಿರುರಂಧ್ರದಿಂದಲೋ ನುಗ್ಗಿ ದುಂಡಾಣುವನ್ನು ರಕ್ತದಲ್ಲಿ ಕಾರುತ್ತದೆ. ಎರಡು ದಿನದಲ್ಲಿ ಹುಳು ಸಾಯುತ್ತದೆ. ಮಣ್ಣು ಕೆದಕಿ ತೆಗೆದರೆ ಹೆಣ ಕೊಳೆತು ನಾರುವುದಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಕತ್ತಲಲ್ಲಿ ಮಂಕಾಗಿ ಹೊಳೆಯುವುದೂ ಉಂಟು. ಬೇರೆ ಸೂಕ್ಷ್ಮಜೀವಿಗಳು ಒಳಸೇರದಂತೆ ಈ ದುಂಡಾಣು ಪ್ರತಿಜೈವಿಕ ಸುರಿಸಿ ಹೆಣವನ್ನು ಜಂತುವಿನ ಸಂತಾನಕ್ಕಾಗಿ ಕಾಯ್ದಿಡುತ್ತದೆ.

ಜಂತುವಿಗೆ ಬಿಸಿಲು ಆಗದು. ಒಣ ಮಣ್ಣಿನಲ್ಲಿ ಅದು ಹರಿಯದು. ಕೊಳೆರೋಗವನ್ನು ಸಾಕುವ ಅಡಿಕೆ ತೋಟದ ನೆರಳು, ತೇವ, ದರಗಿನ ಮುಚ್ಚಿಗೆ ಇಲ್ಲಿ ಇದಕ್ಕೆ ಆಸರೆ. ಹಾಗಾಗಿಯೇ ಪುಡಿಯನ್ನು ಸಂಜೆ ಹೊತ್ತು, ಹಸಿ ಮಣ್ಣಿಗೆ ಕೊಡಬೇಕು. ಫೋರೇಟ್ ಚೀಲದಂತೆ ಕೊಟ್ಟಿಗೆಯ ಅಟ್ಟದಲ್ಲಿ ಮುಂದಿನ ಮುಂಗಾರಿನವರೆಗೆ ಎಸೆದಿಡುವ ಸರಕಲ್ಲ ಅದು, ಪೊಟ್ಟಣದೊಳಗೆ ಜೀವವಿದೆ.