ಪದ ಪರಿಚಯ: ದತ್ತಾಂಶ

ದತ್ತಾಂಶ: ‘ಕೊಡು’ ಎಂಬರ್ಥದ ಸಂಸ್ಕೃತ ‘ದಾ’ ಧಾತುವಿನಿಂದ ಬಂದ ‘ದತ್ತ’ಕ್ಕೆ ‘ಅಂಶ’ ಸೇರಿ ಆದ ಈ ಪದ, ಲ್ಯಾಟಿನ್ನಿನಲ್ಲಿ ‘ಕೊಟ್ಟವು’ ಎಂದೇ ಅರ್ಥವಿರುವ ‘ಡೇಟಾ’ಕ್ಕೆ ಮೂಲಧಾತುವಿನಲ್ಲೂ ಬಂಧು; ಡೇಟಾಕ್ಕೆ ತಮಿಳಿನಲ್ಲಿರುವ ‘ತರವು’ ಸಹ ‘ಕೊಡು’ ಎಂದೇ ಅರ್ಥವಿರುವ ‘ತರು’ವಿನಿಂದ ಹುಟ್ಟಿದೆ. ಶಾಸನಗಳು ದಾನಭೂಮಿಯನ್ನು ಕುರಿತು ಹೇಳುವ ‘ಸ್ವದತ್ತ’, ‘ಪರದತ್ತ’ಗಳಲ್ಲೂ ಇಂದಿನ ‘ದತ್ತಿ’, ‘ದತ್ತು’ಗಳಲ್ಲೂ ಇರುವುದು ಇದೇ ‘ದತ್ತ’.

ಪದದ ಇಂದಿನ ಬಳಕೆಗೊಂದು ಉದಾಹರಣೆ: ಬಾಡಿಗೆ ಮನೆಗಳ ಜಾಲತಾಣದಲ್ಲಿ ಬಡಾವಣೆ, ಬಾಡಿಗೆ, ಮುಂಗಡ, ಕೋಣೆಗಳ ಸಂಖ್ಯೆ ಮೊದಲಾದ ದತ್ತಾಂಶಗಳು ದತ್ತಸಂಚಯದಲ್ಲಿ, ಅಂದರೆ ಕೋಷ್ಟಕಗಳಾಗಿ ಜೋಡಿಸಿಟ್ಟ ಡೇಟಾಬೇಸಿನಲ್ಲಿ, ಮನೆಗೊಂದು ಸಾಲಿನಂತೆ ಕುಳಿತಿದ್ದು, ಯಾರಾದರೂ ಕೇಳಿದಾಗ ಟೆಂಪ್ಲೇಟ್ ಎಂಬ ಖಾಲಿ ವಿನ್ಯಾಸದೊಳಗೆ ತುಂಬಿಕೊಂಡು ಪುಟವಾಗುತ್ತವೆ. ಸಾವಿರ ಮನೆಗಳಿಗೂ ವಿನ್ಯಾಸ ಒಂದೇ ಸಾಕು. ಬರಿಯ 12,000 ಎಂಬ ಅಂಕಿ ದತ್ತಾಂಶ, ಅದು ಇಂಥ ಮನೆಯ ತಿಂಗಳ ಬಾಡಿಗೆ ಎಂದು ತಿಳಿದಾಗ ಮಾಹಿತಿ. ಎರಡನ್ನೂ ಒಂದೆಂದು ಬರೆಯುವುದು, ಎಷ್ಟೇ ರೂಢಿಯಾಗಿದ್ದರೂ, ಸಡಿಲ ಬಳಕೆಯೇ.